ನೆರೆ ನಕಾಶೆಯೊಳಗೆ ಬಿದ್ದ ಮನೆ

ಅರ್ಲೀನ್ ನಾಕ್ವಿನ್ ನಮ್ಮ ಬೀದಿಗೆ ಹಿರಿಯಳು; ಗೌರವಕ್ಕೆ ಎಲ್ಲರೂ ಮಿಸ್ ಅರ್ಲೀನ್ ಅನ್ನುತ್ತಾರೆ. ಲೂಸಿಯಾನಾದ ಬಾಯು ಎಂದು ಕರೆಯುವ ಈ ಜವುಗು ಹೊಳೆಯ ದಂಡೆಯಲ್ಲಿ ಬದುಕುವುದೆಂದರೆ ನೀರಿನ ಜೊತೆ ಸಂಸಾರ ಮಾಡಿದ ಹಾಗೆ. ಒಂದು ಬಿರುಗಾಳಿಗೆ ಮನೆ ಮುಳುಗಿದ ಮೇಲೆ ಅವಳ ಗಂಡ ಆಲ್ಸೀಡ್ ಇಡೀ ಮನೆಯನ್ನು ಜಾಕಿ ಕೊಟ್ಟು ಎತ್ತಿಸಿ ಕಂಬಗಳ ಮೇಲೆ ಕೂರಿಸಿದ. ಆಮೇಲೆ ಇಲ್ಲಿ ಎಲ್ಲರೂ ಮಾಡುವ ದಡ್ಡತನವನ್ನೇ ಅವನೂ ಮಾಡಿದ. ಕಂಬಗಳ ಸುತ್ತ ಹಲಗೆ ಹೊಡೆದು, ಸಿಂಕ್ ಇಟ್ಟು, ಕೆಳಗೊಂದು ಅಡುಗೆಕೋಣೆ ಮಾಡಿದ. ಕೆಸರು ಸಿಗಡಿ ಬೇಯಿಸುವ ವಾಸನೆ ಮೇಲೆ ಬರಬಾರದು, ತಿನ್ನುವವರಿಗೆ ಸೊಳ್ಳೆ ಕಚ್ಚಬಾರದು, ಅಷ್ಟೇ. ಅವನು ತೀರಿಕೊಂಡ ಮೇಲೂ ಗುಡ್ ಫ್ರೈಡೆ ದಿನ ಇಡೀ ಬೀದಿ ಉಣ್ಣುತ್ತಿದ್ದುದು ಅಲ್ಲೇ. ಆ ದಿನ ಹಂಡೆಯ ಹತ್ತಿರ ಬಂದವರನ್ನು ಯಾರೂ ಎಬ್ಬಿಸಿ ಕಳಿಸುವಂತಿಲ್ಲ.

ರಸ್ತೆಯಾಚೆಯ ಜವುಗು ನೆಲ ವೇಡ್ ರಾಡ್ರಿಗನದು. ನಗರಸಭೆಯ ಸದಸ್ಯನೂ ಅವನೇ, ಮನೆ ಕಟ್ಟಿ ಮಾರುವವನೂ ಅವನೇ. ಹಾಲಿಗೆ ಬೆಕ್ಕಿನ ಕಾವಲು. ಲಾರಿಗಟ್ಟಲೆ ಮಣ್ಣು ಸುರಿಸಿ ದಿಬ್ಬ ಎಬ್ಬಿಸಿದ. ನೆರೆ ವಿಮೆಗೆಂದು ಸರ್ಕಾರ ಬರೆಸುವ ಹೊಸ ನೆರೆ ನಕಾಶೆ ಬಂದಾಗ ಅವನ ದಿಬ್ಬ ಅಪಾಯದ ಗೆರೆಯಿಂದ ಹೊರಗೆ, ನಮ್ಮ ಬೀದಿ ಒಳಗೆ. ದಿಬ್ಬ ಇಳಿದ ನೀರು ಎಲ್ಲಿಗೆ ಹೋಗುತ್ತದೆಂದು ಒಬ್ಬನೂ ಕೇಳಲಿಲ್ಲ. ಥೂ, ಇವರ ಜನ್ಮಕ್ಕಿಷ್ಟು!

ವಿಮೆಯ ಏಜೆಂಟ್ ಡೂಸೆಟ್ ಬಂದಾಗ ನಾನು ಅವಳ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ.

"ಮಿಸ್ ಅರ್ಲೀನ್, ನಿಮ್ಮನೆ ನೆಲದ ಮೇಲೇ ಇದೆ ಅಂತ ಲೆಕ್ಕ ಹಾಕಿದಾರೆ."

"ಕಣ್ಣು ನೆಟ್ಟಗಿದ್ಯೇನಪ್ಪಾ? ಈಗ ತಾನೆ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬಂದೋನು ನೀನೇ ಅಲ್ವಾ?"

"ಕೆಳಗೆ ಗೋಡೆ ಕಟ್ಟಿ ಅಡುಗೆಕೋಣೆ ಮಾಡಿದ್ರಲ್ಲ, ಅದನ್ನೇ ಮನೆ ಅಂತ ಹಿಡೀತಾರೆ. ಹೊಸ ಕಂತು ನಿಮ್ಮ ಪಿಂಚಣೀನೆಲ್ಲಾ ನುಂಗುತ್ತೆ."

ವಿಮೆ ತಪ್ಪಿದರೆ ಮನೆ ಎತ್ತಿಸಲು ಸಾಲ ಕೊಟ್ಟ ಬ್ಯಾಂಕು ಮನೆಯನ್ನೇ ಕಿತ್ತುಕೊಳ್ಳುತ್ತದೆ. ಅರ್ಲೀನ್ ಅಳಲಿಲ್ಲ. ಮರುದಿನ ಹಾರೆ ಹಿಡಿದು ಕೆಳಗಿಳಿದಳು. ಹಲಗೆ ಕೀಳಲು ನಾವೂ ಕೈಹಾಕಿದೆವು.

"ಒಂದು ಮೊಳೆನಾದ್ರೂ ಸಲೀಸಾಗಿ ಬರುತ್ತಾ ನೋಡು! ಮೊಂಡ! ಸತ್ತ ಮೇಲೂ ಮೊಂಡ!" ಎಂದು ಗಂಡನನ್ನು ಬಯ್ಯುತ್ತ, ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು. ಕೋಣೆ ಹೋಯಿತು, ಕಂತು ಇಳಿಯಿತು. ಮನೆ ಉಳಿಯಿತೆಂದು ನಾವು ನಂಬಿದೆವು.

ಗುಡ್ ಫ್ರೈಡೆ ಬಂತು. ಬೆಳಿಗ್ಗೆ ಒಂದು ಸಾದಾ ಮಳೆ ಹೊಡೆದಿತ್ತು. ಅಷ್ಟಕ್ಕೇ ದಿಬ್ಬದ ಕೆಂಪು ನೀರು ರಸ್ತೆ ದಾಟಿ ಬಂದು ಅವಳ ಕಂಬಗಳ ನಡುವೆ ನಿಂತಿತು. ಕಾಲನ್ನು ಆ ರಾಡಿಯಲ್ಲಿಟ್ಟುಕೊಂಡು, ಸೊಳ್ಳೆ ಹೊಡೆಯುತ್ತ ಉಣ್ಣಲು ಕೂತೆವು. ಆಗ ರಾಡ್ರಿಗ್ ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದ. ತಾನೇ ತಟ್ಟೆ ತುಂಬಿಕೊಂಡು, ಸಿಗಡಿಯ ತಲೆ ಚೀಪುತ್ತ ಬಾಯಿ ತೆರೆದ.

"ಮಿಸ್ ಅರ್ಲೀನ್, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಈ ಬೀದಿಯಲ್ಲಿ ಇನ್ಮೇಲೆ ಮನೆ ಕಟ್ಟೋಹಾಗಿಲ್ಲ ಅಂತ ಠರಾವು ಆಗಿದೆ. ಬಿರುಗಾಳಿಗೆ ಅರ್ಧ ಮನೆ ಹೋದ್ರೂ ರಿಪೇರಿಗೆ ಪರವಾನಗಿ ಸಿಗಲ್ಲ. ಈಗ್ಲೇ ನಂಗೆ ಮಾರಿಬಿಡಿ."

"ನಿಂಗ್ಯಾಕೆ ಬೇಕು ಈ ಮುಳುಗೋ ಜಾಗ?"

"ದಿಬ್ಬದ ನೀರು ನಿಲ್ಲೋಕೆ ಕೊಳ ತೋಡ್ಬೇಕಲ್ಲ."

"ಠರಾವು ಮಾಡಿದ್ಯಾರು?"

"ನಗರಸಭೆ."

"ನೀನೂ ಕೈ ಎತ್ತಿದ್ಯಾ?"

ಅವನು ಬೆರಳು ನೆಕ್ಕಿಕೊಂಡ.

ಅರ್ಲೀನ್ ಅವನ ತಟ್ಟೆ ಕಿತ್ತು ಆ ಕೆಂಪು ನೀರಿಗೇ ಸುರಿದಳು. "ಇವತ್ತು ಯಾರನ್ನೂ ಎಬ್ಬಿಸಬಾರ್ದು ಅಂತ ನಂಗೂ ಗೊತ್ತು. ಏಳೋ ಮೇಲೆ!"

ಅವನು ನಗುತ್ತಲೇ ಎದ್ದು ಹೋದ. ನಾವು ಮೇಜು ಕುಟ್ಟಿ ಕೇಕೆ ಹಾಕಿದೆವು. ಬೆಂಚಿನ ಅರ್ಧ ಖಾಲಿಯಾಗಿದ್ದು ನನಗೆ ಗೊತ್ತಾದದ್ದು ಆಮೇಲೆ. ಬೇಲಿಯಾಚೆ ರಾಡ್ರಿಗನ ಗಾಡಿಯ ಸುತ್ತ ನಮ್ಮ ಬೀದಿಯವರೇ ನಿಂತು ತಂತಮ್ಮ ಮನೆಗೆ ಎಷ್ಟು ಕೊಡುತ್ತೀಯೆಂದು ಕೇಳುತ್ತಿದ್ದರು. ಅವರ ಕೈಗೆ ಅವಳು ಬಡಿಸಿದ ಮಸಾಲೆ ಇನ್ನೂ ಮೆತ್ತಿಕೊಂಡಿತ್ತು.