ಯುಕಾತಾದ ಎಡ ಸೆರಗು

ಮದುವೆಯಾದ ವರ್ಷ ಅತ್ತೆಯವರೊಡನೆ ಜಪಾನಿಗೆ ಹೋಗುವ ಸಂದರ್ಭ ಒದಗಿತು. ಟಿಕೆಟ್ ಮೂವರಿಗೂ ಆಗಿತ್ತು. ಕಚೇರಿಯ ಕೆಲಸ ಅಡ್ಡ ಬಂದು ಗಂಡ ಸಿಂಗಪುರದ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಮನೆಯಲ್ಲೇ ಉಳಿದರು. ಅತ್ತೆ ಅಲ್ಲಿಯೇ ವಿಶ್ವವಿದ್ಯಾಲಯದ ಅಧ್ಯಾಪಕಿಯಾಗಿದ್ದು ನಿವೃತ್ತರಾದವರು. ನಾನಾದರೋ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು. ಅವರೆದುರು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಒಮ್ಮೆ ತಿದ್ದಿಕೊಂಡು ಆಡುತ್ತಿದ್ದೆ. ಈ ಹುಡುಗಿಗೆ ರೀತಿನೀತಿ ತಿಳಿಯದು ಎಂದು ಅವರಿಗೆ ಅನಿಸಿಬಿಟ್ಟರೆ ಎಂಬುದೊಂದೇ ನನ್ನ ಭಯ.

ನಾವು ಇಳಿದುಕೊಂಡದ್ದು ರಿಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹದಲ್ಲಿ. ತಲೆಮಾರುಗಳಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದ ಮರದ ಮನೆ. ಅಲ್ಲಿನ ಶಿಷ್ಟಾಚಾರಗಳನ್ನು ಪರೀಕ್ಷೆಗೆಂಬಂತೆ ಓದಿಕೊಂಡಿದ್ದೆ. ಅತ್ತೆ ಮಾತ್ರ ಚಪ್ಪಲಿ ಬಿಟ್ಟವರೇ, "ಬಲಗಾಲಿಟ್ಟು ಬಾಮ್ಮ" ಎಂದು ನಗುತ್ತಾ ಒಳಗೆ ನಡೆದರು. ಚಾಪೆ ಹಾಸಿದ ನೆಲದಿಂದ ಒಣಹುಲ್ಲಿನ ಪರಿಮಳ ಬರುತ್ತಿತ್ತು.

ಸ್ನಾನ ಮುಗಿಸಿ ಅತ್ತೆ ಯುಕಾತಾ ತೊಟ್ಟು ಬಂದರು. ಅದು ಅತಿಥಿಗಳಿಗೆ ಕೊಡುವ ಹತ್ತಿಯ ನಿಲುವಂಗಿ. ಮುಂದಿನ ಎರಡು ಸೆರಗುಗಳನ್ನು ಒಂದರ ಮೇಲೊಂದು ತಂದು ಸೊಂಟಕ್ಕೆ ಪಟ್ಟಿ ಕಟ್ಟಬೇಕು. ಬಲವೇ ಶುಭವೆಂದು ನಂಬಿದ ಅವರು ಬಲ ಸೆರಗನ್ನು ಮೇಲೆ ತಂದಿದ್ದರು. ಆ ನಾಡಿನಲ್ಲಿ ಹಾಗೆ ಉಡಿಸುವುದು ಶವಕ್ಕೆ.

ಹೇಳುವುದಾದರೂ ಹೇಗೆ? 'ತಾವು ದಯವಿಟ್ಟು ಅನ್ಯಥಾ ಭಾವಿಸಬಾರದು' ಎಂದು ಮನಸ್ಸಿನಲ್ಲಿ ವಾಕ್ಯವೊಂದನ್ನು ಕಟ್ಟತೊಡಗಿದೆ. ಅದಕ್ಕೊಂದು ಕ್ರಿಯಾಪದ ಸಿಗುವಷ್ಟರಲ್ಲಿ ಅತ್ತೆ ಊಟಕ್ಕೆ ಹೊರಟು, ಜಾರುಬಾಗಿಲಿಗೆ ಕೈಯಿಟ್ಟಿದ್ದರು.

"ಅತ್ತೆ, ನಿಂತ್ಕಳಿ! ಹೆಣುಕ್ ಉಡ್ಸೋದು ಹಂಗೆ!"

ತವರಿನ ಹಟ್ಟಿಬಾಗಿಲಲ್ಲಿ ನಿಂತು ಕೂಗುವ ದನಿ ಅದು. ಬಾಯಿ ಮುಚ್ಚಿಕೊಂಡೆ. ಅತ್ತೆ ತಿರುಗಿ, ತಮ್ಮನ್ನು ತಾವೇ ಮೇಲಿಂದ ಕೆಳಗೆ ನೋಡಿಕೊಂಡರು.

"ಹೆಣಕ್ಕಾ? ಹೀಗೇ ಹೋಗಿ ಊಟಕ್ಕೆ ಕೂತಿರ್ತಿದ್ನಲ್ಲೇ! ತಿಥಿ ಊಟಾನೇ ಬಡಿಸ್ತಿದ್ರೇನೋ."

ಆಮೇಲೆ ನಗು. ಅದು ನಿಲ್ಲದೆ, ಅವರು ಚಾಪೆಯ ಮೇಲೆಯೇ ಕುಳಿತುಬಿಟ್ಟರು. ಕೊನೆಗೆ ಕಣ್ಣೊರೆಸಿಕೊಂಡು ಎದ್ದು, ಎರಡೂ ತೋಳು ಚಾಚಿದರು. "ಬಾರೇ, ಬೇಗ ಬದುಕಿಸು ನನ್ನ. ಹೊಟ್ಟೆ ಹಸೀತಿದೆ."

ಎಡ ಸೆರಗನ್ನು ಮೇಲೆ ತಂದು ಪಟ್ಟಿ ಬಿಗಿದೆ.

"ಇಷ್ಟ್ ದಿನ ಈ ಗಂಟಲು ಎಲ್ಲಿತ್ತೇ? ನಿನ್ ಜೊತೆ ಮಾತಾಡಿದ್ರೆ ವಾರ್ತೆ ಕೇಳ್ದಂಗಿರ್ತಿತ್ತು."

"ನಿಮ್ಮುನ್ ಕಂಡ್ರೆ ಭಯ ಆಯ್ತಿತ್ತು, ಅತ್ತೆ."

"ನಂಗೂ ಕಣೆ. ಅಷ್ಟೊಂದು ಗ್ರಾಮರ್ ಹಾಕಿ ಮಾತಾಡೋರ್ ಹತ್ರ ಸಲಿಗೆಯಿಂದ ಇರೋದ್ ಹೇಗೆ?"

ಅಷ್ಟರಲ್ಲಿ ಊಟಕ್ಕೆ ಕರೆಯಲು ಬಂದ ಮನೆಯೊಡತಿ ಮೊಣಕಾಲೂರಿ ಬಾಗಿಲು ಸರಿಸಿದರು. ನಮ್ಮಿಬ್ಬರನ್ನೂ ನೋಡಿ, ಏನೆಂದು ತಿಳಿಯದೆಯೇ, ತಾವೂ ನಕ್ಕರು.