ಚಿಕ್ಕಮ್ಮನ ಕಸ

ನಮ್ಮ ಚಿಕ್ಕಮ್ಮ ರಬ್ಬರ್ ಸ್ಟ್ಯಾಂಪ್ ಮಾಡುವವಳು. ಊರಿನಲ್ಲಿ ಯಾವ ಕಾಗದದ ಮೇಲೆ ನೀಲಿ ಮುದ್ರೆ ಬಿದ್ದಿದ್ದರೂ ಅದು ಅವಳ ಅಂಗಡಿಯಿಂದ ಹೋದದ್ದೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅಂಗಡಿಯೇನೂ ದೊಡ್ಡದಲ್ಲ. ಔಷಧಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಕೋಣೆ. ಮುಂದೆ ಗಾಜಿನ ಕೌಂಟರ್, ಅದರ ಹಿಂದೆ ಕಂಪ್ಯೂಟರ್ ಮೇಜು, ಮೂಲೆಯಲ್ಲಿ ರಬ್ಬರ್ ಕೆತ್ತುವ ಯಂತ್ರ, ಗೋಡೆಯ ತುಂಬ ಸ್ಟ್ಯಾಂಪಿನ ಹಿಡಿಕೆಗಳು. ಒಳಗೆ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿದೇ ನಿಲ್ಲಬೇಕು. ಸುಟ್ಟ ರಬ್ಬರಿನ ವಾಸನೆ ಅಲ್ಲಿ ಸದಾ ಇರುತ್ತದೆ, ಚಿಕ್ಕಮ್ಮನಿಗೆ ಮಾತ್ರ ಅದು ಗೊತ್ತಾಗುವುದೇ ಇಲ್ಲ.

ಚಿಕ್ಕಪ್ಪ ಅವಳ ಗಂಡನೂ ಹೌದು, ಆ ಅಂಗಡಿಯ ಅಚ್ಚುಕಟ್ಟು ಇಲಾಖೆಯ ಮುಖ್ಯಸ್ಥರೂ ಹೌದು. ಕತ್ತರಿ ಕತ್ತರಿಯ ಜಾಗದಲ್ಲಿ, ಪೆನ್ನು ಪೆನ್ನಿನ ಜಾಗದಲ್ಲಿ ಇಲ್ಲದಿದ್ದರೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಗಿರಾಕಿ ಕೌಂಟರಿನ ಮೇಲೆ ಕೈಯೂರಿದರೆ ಸಾಕು, ಆ ಕೈ ಯಾವಾಗ ಏಳುತ್ತದೋ ಎಂದು ಬಟ್ಟೆ ಹಿಡಿದು ಕಾಯುತ್ತಾರೆ. ಮನುಷ್ಯ ಅಪ್ಪಟ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅಂಗಡಿಯ ಹಳೆಯ ಕಂಪ್ಯೂಟರ್ ಕೆಲವು ದಿನಗಳಿಂದ ಕುಂಟುತ್ತಿತ್ತು. ಕೊನೆಗೆ ಹೊಸದು ಬಂತು. ಆ ಮಧ್ಯಾಹ್ನ ಚಿಕ್ಕಮ್ಮನೂ ನಾನೂ ಬ್ಯಾಂಕಿಗೆ ಹೋಗಿದ್ದೆವು. ನಾವು ವಾಪಸು ಬರುವಷ್ಟರಲ್ಲಿ ಚಿಕ್ಕಪ್ಪ ಫೈಲುಗಳನ್ನೆಲ್ಲ ಹೊಸದಕ್ಕೆ ಹಾಕಿ, ಹಳೆಯದನ್ನು ರಿಪೇರಿಯವರಿಗೆ ಮಾರಿ ಕಳಿಸಿ, ನೆಲ ಗುಡಿಸಿ, ಗೆದ್ದ ಮುಖ ಮಾಡಿಕೊಂಡು ಕೂತಿದ್ದರು.

"ಎಲ್ಲ ಬಂತಾ ರೀ?" ಎಂದು ಚಿಕ್ಕಮ್ಮ ಕೇಳಿದಳು.

"ಎಲ್ಲ ಅಂದ್ರೆ ಎಲ್ಲ. ಗಿರಾಕಿಗಳ ಹೆಸರಿನ ಪ್ರಕಾರ ಜೋಡಿಸಿಟ್ಟಿದೀನಿ. ಕೂತ್ಕೊಂಡು ನೋಡು."

ಅವಳು ಕನ್ನಡಕ ಏರಿಸಿ ಕೂತಳು. ಪರದೆಯ ಮೇಲೆ ಫೋಲ್ಡರುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಮೇಲಿಂದ ಕೆಳಗೆ ನೋಡಿದಳು, ಮತ್ತೆ ಕೆಳಗಿಂದ ಮೇಲೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ರೀ, ಕಸ ಎಲ್ಲಿ?"

ಚಿಕ್ಕಪ್ಪ ತಟ್ಟನೆ ಕಾಲಬುಡ ನೋಡಿಕೊಂಡರು. "ಎಲ್ಲಿದೆ ಕಸ? ಈಗ ತಾನೆ ಗುಡಿಸಿದೆನಲ್ಲ!"

"ಆ ಕಸ ಅಲ್ಲ. ಕಂಪ್ಯೂಟರಲ್ಲಿದ್ದ ಕಸ."

"ಓ, ಅದಾ? ನೀನೇ ಕಸ ಅಂತ ಬರೆದಿದ್ಯಲ್ಲ, ಹಳೇದರಲ್ಲೇ ತೆಗೆದುಹಾಕ್ದೆ. ಹೊಸ ಕಂಪ್ಯೂಟರಿಗೆ ಹಳೇ ಕಸ ಯಾಕೆ?"

ಆ ಫೋಲ್ಡರಿನಲ್ಲಿ ಏನಿತ್ತೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಗಿರಾಕಿಗಳಿಲ್ಲದ ಖಾಲಿ ಮಧ್ಯಾಹ್ನಗಳಲ್ಲಿ, ವರ್ಷಗಟ್ಟಲೆ ಕೂತು, ಚಿಕ್ಕಮ್ಮ ತನ್ನದೇ ಅಕ್ಷರಗಳನ್ನು ಬರೆದಿದ್ದಳು. ಕಂಪ್ಯೂಟರಿನ ಜೊತೆ ಬರುವ ಅಕ್ಷರಗಳು ಇಸ್ತ್ರಿ ಮಾಡಿದ ಹಾಗಿರುತ್ತವೆ ಎಂಬುದು ಅವಳ ತಕರಾರು. ಅವಳ ಅಕ್ಷರಗಳು ಹಾಗಲ್ಲ. 'ಅ' ಹೊಟ್ಟೆ ತುಂಬಿದ ಮಗುವಿನಂತಿತ್ತು, 'ಈ' ಗೋಡೆಗೊರಗಿ ಕೂತಂತೆ ಒಂದು ಮಗ್ಗುಲಿಗೆ ವಾಲಿತ್ತು. ಕಾಗುಣಿತ, ಒತ್ತಕ್ಷರ, ಏನನ್ನೂ ಬಿಟ್ಟಿರಲಿಲ್ಲ. ಕಸ ಎಂದು ಹೆಸರಿಟ್ಟರೆ ಯಾರೂ ಇಣುಕುವುದಿಲ್ಲ ಎಂಬುದು ಅವಳ ಜಾಣತನ. ಇತ್ತೀಚೆಗೆ, ಚಿಕ್ಕಪ್ಪ ಇಲ್ಲದ ಹೊತ್ತಿನಲ್ಲಿ, ಮಕ್ಕಳ ಪುಸ್ತಕ ಮಾಡುವ ಒಬ್ಬ ಹೆಂಗಸು ಸ್ಟ್ಯಾಂಪಿಗೆಂದು ಬಂದವಳು ಪರದೆಯ ಮೇಲಿದ್ದ ಆ ಅಕ್ಷರಗಳನ್ನು ನೋಡಿ ಅಲ್ಲೇ ನಿಂತುಬಿಟ್ಟಿದ್ದಳು. ತನ್ನ ಮುಂದಿನ ಪುಸ್ತಕಕ್ಕೆ ಇವೇ ಬೇಕು, ಎಲ್ಲವನ್ನೂ ಕೊಡಿ ಎಂದು ಕೇಳಿದ್ದಳು. ಚಿಕ್ಕಮ್ಮ ಒಪ್ಪಿಕೊಂಡು, ಆಮೇಲೆ ನನಗೆ ಫೋನ್ ಮಾಡಿ ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದಳು.

ಈಗ ಅವಳು ಕುರ್ಚಿ ತಳ್ಳಿ ಎದ್ದಳು. ನಾನೇ ಚಿಕ್ಕಪ್ಪನಿಗೆ ಒಂದೇ ಉಸಿರಿನಲ್ಲಿ ವಿಷಯ ಹೇಳಿದೆ. ಅವರು ಗರ ಬಡಿದವರಂತೆ ನಿಂತರು. ಚಿಕ್ಕಮ್ಮ ಆಗಲೇ ಬೀದಿಗಿಳಿದಿದ್ದಳು.

ರಿಪೇರಿಯವರನ್ನು ಎಲ್ಲರೂ ಡಾಕ್ಟರು ಎಂದು ಕರೆಯುತ್ತಾರೆ. ಯಾವ ಕಂಪ್ಯೂಟರ್ ತಂದರೂ 'ಉಳಿಯೋದು ಕಷ್ಟ' ಎಂದೇ ಮಾತು ಶುರುಮಾಡುವ ಮಹಾನುಭಾವ. ನಾವು ಮೂವರೂ ಏದುಸಿರು ಬಿಡುತ್ತ ಒಳನುಗ್ಗಿದಾಗ ನಮ್ಮ ಹಳೆಯ ಕಂಪ್ಯೂಟರ್ ಮುಚ್ಚಳ ಕಳಚಿಕೊಂಡು ಅವರ ಮೇಜಿನ ಮೇಲೆ ಮಲಗಿತ್ತು.

"ಅದರಲ್ಲಿದ್ದದ್ದು ಅಳಿಸಿಬಿಟ್ರಾ?" ಎಂದೆ.

"ಇನ್ನೂ ಇಲ್ಲಮ್ಮ, ಧೂಳು ಹೊಡೀತಿದ್ದೆ. ಯಾಕೆ, ಏನಾಯ್ತು?"

ವಿಷಯ ಕೇಳಿ ಡಾಕ್ಟರು ತಂತಿಗಳನ್ನು ಜೋಡಿಸಿ ಅದನ್ನು ಚಾಲೂ ಮಾಡಿದರು. ಅದೋ ಎದ್ದು ಕೂರಲು ತನ್ನ ಹೊತ್ತು ತಾನು ತೆಗೆದುಕೊಂಡಿತು. ಚಿಕ್ಕಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಚರ್ಮಕ್ಕೆ ಒತ್ತುತ್ತಿತ್ತು. ಪರದೆ ಬೆಳಗಿತು. ಕಸ ಅಲ್ಲಿರಲಿಲ್ಲ.

ಡಾಕ್ಟರು ಚಿಕ್ಕಪ್ಪನ ಕಡೆ ತಿರುಗಿದರು. "ಅಣ್ಣ, ಡಿಲೀಟ್ ಮಾಡಿದ ಮೇಲೆ ಕಸದ ಬುಟ್ಟಿ ಖಾಲಿ ಮಾಡಿದ್ರಾ?"

ಚಿಕ್ಕಪ್ಪನಿಗೆ ಆ ಸಂಕಟದಲ್ಲೂ ಸಿಟ್ಟು ಬಂತು. "ಬುಟ್ಟಿ ನಾನ್ಯಾಕ್ರೀ ಖಾಲಿ ಮಾಡ್ಲಿ? ಗುಡಿಸೋದು ನಾನು, ಬುಟ್ಟಿ ಆಚೆ ಸುರಿಯೋದು ಇವಳು. ಮದುವೆ ಆದಾಗಿಂದ ಹಾಗೇ ನಡ್ಕೊಂಡು ಬಂದಿದೆ!"

ಅದು ನಿಜ. ಮನೆ, ಅಂಗಡಿ ಎರಡನ್ನೂ ಕನ್ನಡಿಯ ಹಾಗೆ ಇಡುವ ಈ ಮನುಷ್ಯ ತುಂಬಿ ತುಳುಕುವ ಬುಟ್ಟಿಯ ಪಕ್ಕದಲ್ಲೇ ನೂರು ಸಲ ಓಡಾಡಿಯಾರು, ಅದನ್ನು ಮುಟ್ಟಲಾರರು. ಇದೇ ವಿಷಯಕ್ಕೆ ಗಂಡ ಹೆಂಡತಿ ಮಾತು ಬಿಟ್ಟು ಕೂತದ್ದನ್ನೂ ನಾನು ನೋಡಿದ್ದೇನೆ.

ಡಾಕ್ಟರು ಪರದೆಯ ಮೂಲೆಯಲ್ಲಿದ್ದ ಬುಟ್ಟಿಯನ್ನು ತೆರೆದರು. ಕಸ ಅಲ್ಲಿತ್ತು. ಅವರು ಅದನ್ನು ಮೇಲೆತ್ತಿ ಬಿಚ್ಚಿ ತೋರಿಸಿದರು. ಅ, ಆ, ಇ, ಈ, ಒಂದೂ ಕದಲಿರಲಿಲ್ಲ. ಹೋದ ಜೀವ ಬಂದಂತಾಗಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಡಾಕ್ಟರೂ ನಕ್ಕರು. ಚಿಕ್ಕಮ್ಮ ನನ್ನ ಕೈ ಬಿಟ್ಟು ಗಂಡನ ಮುಖ ನೋಡಿದಳು.

"ನಿಮ್ಮ ಸೋಮಾರಿತನ ತಣ್ಣಗಿರ್ಲಿ," ಎಂದಳು.

ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಅಂಗಡಿಗೆ ಮರಳಿದೆವು. ಹೊಸ ಕಂಪ್ಯೂಟರಿನಲ್ಲಿ ಅಕ್ಷರಗಳು ಒಂದೊಂದಾಗಿ ತೆರೆದುಕೊಂಡಾಗ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಇದೆಲ್ಲ ನೀನು ಬರೆದದ್ದಾ?"

"ಹೂಂ."

"ಇಷ್ಟು ವರ್ಷ ಇದೇ ಕೋಣೇಲಿ ಕೂತಿದ್ದೆನಲ್ಲೇ. ನಂಗ್ಯಾಕೆ ತೋರಿಸ್ಲಿಲ್ಲ?"

ಚಿಕ್ಕಮ್ಮ ಸೆರಗಿನ ತುದಿ ತಿರುವಿದಳು. "ತೋರಿಸಿದ್ರೆ ನೀವು ಸರಿ ಮಾಡಿಬಿಡ್ತಿದ್ರಿ."

ಪರದೆಯ ಮೇಲೆ ಆ 'ಈ' ಇತ್ತು. ಅದು ವಾಲಿರುವುದು ಚಿಕ್ಕಪ್ಪನನ್ನು ಒಳಗೊಳಗೇ ಚುಚ್ಚುತ್ತಿರಬೇಕು. ಅವರ ಕೈ ಮೌಸಿನ ಕಡೆ ಹೋಯಿತು. ಮುಗಿಯಿತು ಕಥೆ, ಇನ್ನು ಇದನ್ನು ನೆಟ್ಟಗೆ ನಿಲ್ಲಿಸದೆ ಬಿಡುವುದಿಲ್ಲ ಎಂದುಕೊಂಡೆ. ಅವರು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇದು ಹೀಗೇ ಇರ್ಲಿ," ಎಂದರು. "ನೆಟ್ಟಗೆ ಮಾಡಿದ್ರೆ ನಿಂದು ಅನ್ಸಲ್ಲ. ಚೆನ್ನಾಗಿದೆ ಕಣೇ."

ಬೀದಿಯಲ್ಲಿ ಓಡುವಾಗ, ಡಾಕ್ಟರ ಮೇಜಿನ ಮುಂದೆ ನಿಂತಿದ್ದಾಗ ಒಂದು ಹನಿ ಕಣ್ಣೀರು ಹಾಕದವಳು ಈಗ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಅಕ್ಷರ ಸಿಕ್ಕಿತಲ್ಲ ಚಿಕ್ಕಮ್ಮ, ಇನ್ನು ಯಾಕೆ ಅಳು ಎಂದು ನಾನು ಬೆನ್ನು ಸವರಿದೆ. ಅವಳು ಅದಕ್ಕಲ್ಲ ಎಂಬಂತೆ ತಲೆಯಾಡಿಸಿದಳು, ಮೂಗು ಒರೆಸಿಕೊಂಡು ಚಿಕ್ಕಪ್ಪನ ಕಡೆ ನೋಡಿದಳು.

"ಸದ್ಯ, ನೀವು ನೋಡಿದ್ರಲ್ಲ," ಎಂದಳು.