ಅಂಗೈಗೆ ಬಂದ ಜಕಾತ್

ಅಕ್ಷರವನ್ನೂ ಅದನ್ನು ಕಲಿಸುವವರನ್ನೂ ದಯಪಾಲಿಸಿದ ಕರುಣಾಮಯನಿಗೆ ಮೊದಲ ಕೃತಜ್ಞತೆ. ಉಳಿದ ಮಾತೆಲ್ಲ ಅನಂತರದ್ದು.

ಮೊನ್ನೆ ಮೊಮ್ಮಗಳು ತನ್ನ ಕಾಲೇಜು ಶುಲ್ಕದ ರಸೀದಿಯನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಅದನ್ನು ಕಂಡೊಡನೆ ಎಪ್ಪತ್ತರ ದಶಕದ ರಾಜಾಜಿನಗರ, ನಮ್ಮ ಸಣ್ಣ ಮಸೀದಿ, ಅಲ್ಲಿ ನಮಾಜು ನಡೆಸುತ್ತ ನನಗೆ ಕುರ್‌ಆನ್ ಕಲಿಸಿದ ಉಸ್ತಾದರು...

ಆಗ ನಾನು ಪಿಯುಸಿ ಮುಗಿಸಿದ್ದೆ. ಅಬ್ಬ ಕೈಗಾರಿಕಾ ವಸಾಹತಿನಲ್ಲಿ ಲೇತ್ ತಿರುಗಿಸುತ್ತಿದ್ದರು. ನನ್ನ ಮುಂದಿನ ಓದು ಅವರ ಶಕ್ತಿಗೆ ಮೀರಿದ್ದು. ಖಾಸಗಿ ಕಾಲೇಜೊಂದನ್ನು ನಡೆಸುತ್ತಿದ್ದ ಮಸೀದಿ ಸಮಿತಿಯ ಅಧ್ಯಕ್ಷರು, ಬಡವರಿಗೆಂದು ಜನ ಕೊಟ್ಟ ಜಕಾತ್ ಹಣದಿಂದಲೇ ತಮ್ಮ ಕಾಲೇಜಿನಲ್ಲಿ ನನ್ನ ಶುಲ್ಕ ಭರಿಸುವುದಾಗಿ ಹೇಳಿ, ಮಸೀದಿಯಲ್ಲಿ ಉಸ್ತಾದರ ಒಪ್ಪಿಗೆ ಕೇಳಲು ಕುಳಿತರು. ಅಬ್ಬ ಮತ್ತು ನಾನು ಬಾಗಿಲ ಬಳಿ ನಿಂತಿದ್ದೆವು.

"ಬೇರೆ ಹುಡುಗೀರಿಗೂ ಇಷ್ಟೇನಾ ಫೀಸು?" ಎಂದರು ಉಸ್ತಾದರು.

"ಇಲ್ಲ ಹಜ್ರತ್, ಅವರಿಗೆ ಅರ್ಧ. ಮನೆಯಿಂದ ತಂದು ಕಟ್ತಾರಲ್ಲ. ಇದು ಜಕಾತ್ ದುಡ್ಡು, ಯಾರಿಗೆ ಭಾರ?"

ಅಧ್ಯಕ್ಷರ ದನಿಯಲ್ಲಿ ಕಪಟದ ಎಳೆಯೂ ಇರಲಿಲ್ಲ. ಅದೇ ನನಗೆ ದೊಡ್ಡ ಆಘಾತ.

ಉಸ್ತಾದರು ನಿಧಾನವಾಗಿ ವಿವರಿಸಿದರು. ಕಲಿಸಿದ್ದಕ್ಕೆ ಸಂಭಾವನೆ ಪಡೆಯುವುದು ಶರೀಅತ್‌ನಲ್ಲಿ ತಪ್ಪಲ್ಲ. ಒಂದೇ ಪಾಠಕ್ಕೆ ನಿರುಪಾಯರ ಪಾಲಿಗೆ ಇಮ್ಮಡಿ ಬೆಲೆ ಕಟ್ಟುವುದು ನ್ಯಾಯವಲ್ಲ. ಮೇಲಾಗಿ, ಜಕಾತ್ ಬಡವರ ಕೈಸೇರಿ ಅವರ ಸ್ವಂತದ್ದಾಗದ ಹೊರತು ಸಂದಂತೆಯೇ ಅಲ್ಲ.

"ಹುಡುಗಿ ಕೈಗೇ ಕೊಡಿ, ಸಾಹೇಬ್ರೇ."

"ಸೀರೆ ತಗೊಂಡ್ಬಿಟ್ರೆ?"

"ಉಟ್ಕೋತಾಳೆ ಬಿಡಿ."

ಒಳಗಿದ್ದ ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಅಧ್ಯಕ್ಷರು ತಂದಿದ್ದ ಹಣದ ಲಕೋಟೆ ನನ್ನ ಅಂಗೈಗೆ ಬಂತು. ಏನು ಮಾಡಬೇಕೆಂದು ಉಸ್ತಾದರು ಸೂಚಿಸಲಿಲ್ಲ. ನನ್ನತ್ತ ನೋಡಲೂ ಇಲ್ಲ.

"ಸರ್ಕಾರಿ ಕಾಲೇಜಿಗೆ ಸೇರ್ಕೋತೀನಿ. ಇದ್ರಲ್ಲೇ ಮೂರು ವರ್ಷದ್ದೂ ಆಗುತ್ತೆ."

ಅದು ನನ್ನದೇ ದನಿಯೆಂದು ತಿಳಿಯಲು ನನಗೇ ಒಂದು ಕ್ಷಣ ಹಿಡಿಯಿತು. ಅಬ್ಬ ಗಾಬರಿಯಿಂದ ನನ್ನ ದುಪಟ್ಟಾ ಎಳೆದರು. ಅಧ್ಯಕ್ಷರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮುಂದಿನ ಶುಕ್ರವಾರ ಉಸ್ತಾದರ ಜಾಗದಲ್ಲಿ ಬೇರೊಬ್ಬರಿದ್ದರು. ಸಮಿತಿ ಉಸ್ತಾದರನ್ನು ಕೆಲಸದಿಂದ ಬಿಡಿಸಿತ್ತು. ಕೆಂಗೇರಿ ಕಡೆ ಹೋದರಂತೆ. ಅಬ್ಬ ಎರಡು ಸಲ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಮರಳಿದರು... ನಾನು ಪದವಿ ಮುಗಿಸಿದೆ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ.

ಈಗ ನಮಾಜಿನ ಅನಂತರ, ಅಗಲಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಬೇಡಿಕೊಳ್ಳುತ್ತೇನೆ. ಆ ಗುರುಗಳ ಸರದಿ ಬಂದಾಗಲೆಲ್ಲ ಬೆಚ್ಚುತ್ತೇನೆ: ಅವರ ಹೆಸರನ್ನು ನಾನು ಎಂದೂ ಕೇಳಿಕೊಂಡೇ ಇರಲಿಲ್ಲ. ಉಸ್ತಾದರು ಎಂದಷ್ಟೇ ಹೇಳುತ್ತೇನೆ. ಅವರ ಮೇಲೆ, ಅಬ್ಬನ ಮೇಲೆ, ಮುನಿದು ಹೋದ ಆ ಅಧ್ಯಕ್ಷರ ಮೇಲೆ, ಅಂದು ಅಲ್ಲಿ ಸೇರಿದ್ದ ಎಲ್ಲರ ಮೇಲೂ ಆ ಕರುಣಾಮಯನ ಕೃಪೆಯಿರಲಿ.